ದೋಣಿಯ ಎಂಜಿನ್‌ಗೂ ಒಂದು ರಾಟೆ ಬೇಕು

ಕರಾವಳಿಯ ಹಳ್ಳಿಗಳಲ್ಲಿ ಬಾವಿಯಿಲ್ಲದ ಹಿತ್ತಲು ಅಪರೂಪ, ರಾಟೆಯಿಲ್ಲದ ಬಾವಿ ಇನ್ನೂ ಅಪರೂಪ. ಹತ್ತು ಲೀಟರ್ ನೀರಿನ ಕೊಡಪಾನವನ್ನು ಬಾವಿಕಟ್ಟೆಯ ಮೇಲೆ ಬಗ್ಗಿ ಬರಿಗೈಯಲ್ಲಿ ಎಳೆದುಕೊಳ್ಳುವುದು ಹುಚ್ಚುತನ ಎಂಬುದು ಅಲ್ಲಿಯ ಮಕ್ಕಳಿಗೂ ಗೊತ್ತು. ಅದೇ ಊರಿನ ಕಡಲದಂಡೆಗೆ ಹೋದರೆ ಲೆಕ್ಕ ತಿರುಗುಮುರುಗು. 40 ಕಿಲೋ ತೂಗುವ ಔಟ್‌ಬೋರ್ಡ್ ಎಂಜಿನ್ನನ್ನು ಅಲುಗಾಡುವ ನಾಡದೋಣಿಯ ಹಿಂಬದಿಯಿಂದ ಕೈಯಲ್ಲೇ ಎತ್ತಿ ಇಳಿಸುತ್ತಾರೆ, ಹೆಗಲ ಮೇಲಿಟ್ಟು ಮರಳಿನಲ್ಲಿ ಕಾಲು ಹೂಳುತ್ತ ಶೆಡ್ಡಿನವರೆಗೆ ಹೊರುತ್ತಾರೆ, ಮರುದಿನ ನಸುಕಿಗೆ ಮತ್ತೆ ಹೊತ್ತು ತಂದು ಏರಿಸುತ್ತಾರೆ. ಇದನ್ನು ನೋಡಿದವರು ಮೀನುಗಾರರ ತೋಳ್ಬಲವನ್ನು ಹೊಗಳಿ ಸುಮ್ಮನಾಗುವುದೇ ಹೆಚ್ಚು. ಆದರೆ ಎಂಜಿನ್ ಎತ್ತುವುದು ಬಲದ ಪ್ರಶ್ನೆಯೇ ಅಲ್ಲ. ಭಾರ ಮೈಯಿಂದ ಎಷ್ಟು ದೂರದಲ್ಲಿದೆ, ಕಾಲ ಕೆಳಗಿನ ನೆಲ ಎಷ್ಟು ಗಟ್ಟಿ ಎಂಬ ಎರಡು ಸಂಗತಿಗಳ ಪ್ರಶ್ನೆ ಅದು. ಈ ಎರಡಕ್ಕೂ ಉತ್ತರ ತೋಳಿನಲ್ಲಿಲ್ಲ, ಹಗ್ಗ ಮತ್ತು ರಾಟೆಯಲ್ಲಿದೆ.

ಔಟ್‌ಬೋರ್ಡ್ ಎಂಜಿನ್ ಹುಟ್ಟಿದ್ದೇ ಎತ್ತಿ ಒಯ್ಯುವ ಯಂತ್ರವಾಗಿ. ದೋಣಿಯ ಹೊಟ್ಟೆ ಕೊರೆಯಬೇಕಿಲ್ಲ, ಒಳಗೆ ಪೀಠ ಕಟ್ಟಬೇಕಿಲ್ಲ. ಹಿಂಬದಿಯ ಹಲಗೆಗೆ ಎರಡು ತಿರುಪು ಬಿಗಿದರೆ ಹುಟ್ಟು ಹಾಕುವ ದೋಣಿಯೂ ಮೋಟಾರು ದೋಣಿಯಾಗುತ್ತದೆ. ನಾರ್ವೆ ಮೂಲದ ಓಲೆ ಎವಿನ್ರೂಡ್ ಅಮೆರಿಕದ ಮಿಲ್ವಾಕಿಯಲ್ಲಿ 1909ರ ಹೊತ್ತಿಗೆ ಮಾರಾಟಕ್ಕೆ ತಂದ ಎಂಜಿನ್‌ನ ಶಕ್ತಿ ಒಂದೂವರೆ ಅಶ್ವಶಕ್ತಿ, ತೂಕ ಸುಮಾರು 28 ಕಿಲೋ. ಇಂದು ಎರಡೂವರೆ ಅಶ್ವಶಕ್ತಿಯ ಎಂಜಿನ್ 17 ಕಿಲೋ ಆಸುಪಾಸಿನಲ್ಲಿ ಸಿಗುತ್ತದೆ. ಇಷ್ಟು ನೋಡಿದರೆ ನೂರು ವರ್ಷದಲ್ಲಿ ಭಾರ ಇಳಿದಿದೆ ಎನ್ನಬೇಕು. ಆದರೆ ಸಮುದ್ರದ ಅಲೆ ದಾಟಲು ಎರಡೂವರೆ ಅಶ್ವಶಕ್ತಿ ಸಾಲದು. ನಮ್ಮ ದೋಣಿಗಳಿಗೆ ಬೇಕಾದ ಹತ್ತರ ಆಸುಪಾಸಿಗೆ ಬಂದರೆ ತೂಕ 36ರಿಂದ 45 ಕಿಲೋ, 25 ಅಶ್ವಶಕ್ತಿಗೆ ಹೋದರೆ 50 ದಾಟುತ್ತದೆ. ಟೂ ಸ್ಟ್ರೋಕ್‌ಗಿಂತ ಫೋರ್ ಸ್ಟ್ರೋಕ್ ಎಂಜಿನ್ ಇನ್ನಷ್ಟು ಭಾರ; ಅದಕ್ಕೆ ಕವಾಟಗಳು, ಅವನ್ನು ಆಡಿಸುವ ದಂಡ, ಎಣ್ಣೆಯ ತೊಟ್ಟಿ ಬೇರೆ ಬೇಕು. ಹೊಗೆ ಕಡಿಮೆ, ಇಂಧನ ಉಳಿತಾಯ ಎಂದು ಫೋರ್ ಸ್ಟ್ರೋಕ್ ಕಡೆಗೆ ವಾಲುತ್ತಿರುವ ಈ ಹೊತ್ತಿನಲ್ಲಿ ಉಳಿತಾಯದ ಒಂದು ಪಾಲನ್ನು ಬೆನ್ನು ಭರಿಸುತ್ತಿದೆ ಎಂಬುದು ಯಾವ ಜಾಹೀರಾತಿನಲ್ಲೂ ಬರುವುದಿಲ್ಲ.

ಕರ್ನಾಟಕದ ಕಡಲಲ್ಲಿ ಈ ಭಾರ ಅತಿ ಕೆಟ್ಟ ಕಾಲಕ್ಕೆ ಬಂದು ಕೂರುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಕಡಲಿಗಿಳಿಯಲು ಅನುಮತಿ ಇರುವುದು ಸಾಂಪ್ರದಾಯಿಕ ದೋಣಿಗಳಿಗೆ, ಎಂಜಿನ್ ಇದ್ದರೆ 10 ಅಶ್ವಶಕ್ತಿಯವರೆಗಿನದಕ್ಕೆ ಮಾತ್ರ. ಅಂದರೆ ಅಲೆಗಳು ಎತ್ತರವಾಗಿರುವ, ಅಳಿವೆ ಬಾಯಿಗಳು ನಂಬಿಕೆಗೆ ಅರ್ಹವಲ್ಲದ ಎರಡು ತಿಂಗಳಲ್ಲೇ ನಾಡದೋಣಿಯ ದುಡಿಮೆ ಬಿರುಸು. ಬಂದರಿನ ಆಸರೆಯಿಲ್ಲದ ದಂಡೆಗಳಲ್ಲಿ ದೋಣಿಯನ್ನು ಮರಳಿಗೆ ಎಳೆದು ಮೇಲೆ ಹಾಕಬೇಕು. ಹಾಗೆ ಎಳೆಯಲು ಹಿಂಬದಿ ಹಗುರಾಗಬೇಕು. ಹಗುರಾಗಲು ಎಂಜಿನ್ ಬಿಚ್ಚಬೇಕು. ಬಿಚ್ಚದೆ ಬಿಟ್ಟರೆ ರಾತ್ರಿಯ ಅಲೆಗೆ, ಉಪ್ಪಿಗೆ, ಕಳ್ಳರಿಗೆ ಬಿಟ್ಟಂತೆ. ಹಾಗಾಗಿ ಎತ್ತಿಳಿಸುವುದು ಎಂದೋ ಒಂದು ದಿನದ ಕೆಲಸವಲ್ಲ. ಕಡಲಿಗೆ ಹೋದ ದಿನಕ್ಕೆ ಎರಡು ಬಾರಿ ಎಂದು ಹಿಡಿದರೂ ವರ್ಷವೊಂದರಲ್ಲಿ ನೂರಾರು ಸಲ.

ಒಂದು ಸಲ ಎತ್ತಿದರೆ ಬೆನ್ನಿಗೆ ಏನಾಗುತ್ತದೆ? ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 1991ರಲ್ಲಿ ಪರಿಷ್ಕರಿಸಿದ ಸೂತ್ರವೊಂದು ಇದಕ್ಕೆ ಅಳತೆಗೋಲು. ಎಲ್ಲವೂ ಅನುಕೂಲವಾಗಿದ್ದಾಗ, ಭಾರ ಮೈಗೆ ತಾಗಿದಂತಿದ್ದಾಗ, ಒಬ್ಬರು ಎತ್ತಬಹುದಾದ ಮಿತಿ 23 ಕಿಲೋ ಎನ್ನುತ್ತದೆ ಆ ಸೂತ್ರ. ಅನುಕೂಲ ಎಂದರೆ ಭಾರ ಕಾಲ್ಗಿಣ್ಣಿನಿಂದ 25 ಸೆಂಟಿಮೀಟರ್ ಒಳಗಿರಬೇಕು. ದೂರ 50 ಸೆಂಟಿಮೀಟರ್ ಆದರೆ ಮಿತಿ ಅರ್ಧಕ್ಕಿಳಿದು ಹನ್ನೊಂದೂವರೆ ಕಿಲೋ. ದೋಣಿಯ ಎಂಜಿನ್ ತೂಗುವುದೇ ಹಲಗೆಯ ಆಚೆ, ನೀರಿನ ಮೇಲೆ. ಒಳಗೆ ನಿಂತವರು ಹಲಗೆಯ ಮೇಲೆ ಬಾಗಿ ಕೈ ಚಾಚಿಯೇ ಅದನ್ನು ಹಿಡಿಯಬೇಕು. ಸೊಂಟದ ಸ್ನಾಯುಗಳಿರುವುದು ಬೆನ್ನೆಲುಬಿನ ಬಿಲ್ಲೆಗಳಿಂದ ಸುಮಾರು 5 ಸೆಂಟಿಮೀಟರ್ ಹಿಂದೆ. ತಕ್ಕಡಿಯ ಲೆಕ್ಕದಲ್ಲಿ 50 ಸೆಂಟಿಮೀಟರ್ ಮುಂದಿರುವ 40 ಕಿಲೋವನ್ನು ತೂಗಿಸಲು ಆ ಸ್ನಾಯುಗಳು 400 ಕಿಲೋದಷ್ಟು ಬಲದಿಂದ ಎಳೆಯಬೇಕು, ಆ ಒತ್ತಡವೆಲ್ಲ ಬೀಳುವುದು ನಡುವಿನ ಬಿಲ್ಲೆಯ ಮೇಲೆ. ಇಬ್ಬರು ಹಿಡಿದರೆ ತಲಾ 20 ಕಿಲೋ. ಆಗಲೂ ಹನ್ನೊಂದೂವರೆಯ ಮಿತಿ ದಾಟಿರುತ್ತದೆ. ಮೈಬಲ ಇಮ್ಮಡಿಯಾದರೂ ಈ ಸೋಲು ತಪ್ಪದು. ಕೈಚಾಚಿನ ದೂರ ಅರ್ಧವಾದರೆ ಮಾತ್ರ ಲೆಕ್ಕ ಬದಲಾಗುತ್ತದೆ.

ಇಷ್ಟೆಲ್ಲ ಗಟ್ಟಿ ನೆಲದ ಮಾತು. ಕಾಲು ಜಾರದ ನೆಲ ಇದ್ದರೆ ಮಾತ್ರ ಆ ಸೂತ್ರ ಅನ್ವಯ. ದೋಣಿಯಲ್ಲಿ ಅದು ಎಲ್ಲಿಂದ ಬರಬೇಕು? ವಿಹಾರ ನೌಕೆಗಳವರು ದಡ ಸೇರಲು ಬಳಸುವ ಡಿಂಗಿಯನ್ನೇ ನೋಡಿ. ಎರಡೂವರೆ ಮೂರು ಮೀಟರ್ ಉದ್ದದ, ಗಾಳಿ ತುಂಬಿದ ಡಿಂಗಿ ಸಾಮಾನ್ಯವಾಗಿ 50 ಕಿಲೋ ಒಳಗೇ ಇರುತ್ತದೆ. ಅದರ ಹಿಂಬದಿಯಲ್ಲಿ 70 ಕಿಲೋದ ಒಬ್ಬ ಮನುಷ್ಯ 40 ಕಿಲೋ ಎಂಜಿನ್ ಹಿಡಿದು ನಿಂತರೆ ನಿಂತ ಭಾರ ನೆಲದ ಇಮ್ಮಡಿ. ಎಂಜಿನ್ನನ್ನು ದೊಡ್ಡ ನೌಕೆಯತ್ತ ತಳ್ಳಿದಷ್ಟೂ ಡಿಂಗಿ ಹಿಂದಕ್ಕೆ ಸರಿಯುತ್ತದೆ, ಕಾಲು ಮತ್ತು ಕೈಗಳ ನಡುವೆ ನೀರು ಅಗಲವಾಗುತ್ತ ಹೋಗುತ್ತದೆ. ಅದಕ್ಕೇ ಅನುಭವಿ ನಾವಿಕರು ಎಂಜಿನ್ನನ್ನು ಕೈಯಿಂದ ಕೈಗೆ ದಾಟಿಸುವುದಿಲ್ಲ. ನೌಕೆಯ ಹಿಂಬದಿಯಲ್ಲಿ ಒಂದು ಸಣ್ಣ ಕಂಬ, ಅದರ ತುದಿಗೆ ರಾಟೆ, ಎಂಜಿನ್‌ನ ತಲೆಗೆ ಪಟ್ಟಿಯ ಜೀನು. ಮೇಲಿನವರು ಹಗ್ಗ ಎಳೆಯುತ್ತಾರೆ, ಕೆಳಗಿನವರ ಕೆಲಸ ಯಂತ್ರ ತೂಗಾಡದಂತೆ ಕೈಯೊತ್ತಿ ನಿಲ್ಲುವುದಷ್ಟೆ. ನಾಡದೋಣಿ ಡಿಂಗಿಗಿಂತ ಎಷ್ಟೋ ಭಾರ, ಆದರೆ ದಡದ ಅಲೆಯಲ್ಲಿ ಅದೂ ನಿಂತಲ್ಲಿ ನಿಲ್ಲುವುದಿಲ್ಲ. ಮೇಲೆ ಬಂದ ಅಲೆ ಹಿಂದೆ ಸರಿಯುವಾಗ ದೋಣಿ ಒಂದು ಕಡೆಗೆ, ಕಾಲಡಿಯ ಮರಳು ಇನ್ನೊಂದು ಕಡೆಗೆ.

ಎತ್ತುವ ಕ್ಷಣವನ್ನು ಬಿಡಿಸಿ ನೋಡಿದರೆ ಬಲಕ್ಕಿಂತ ಕ್ರಮ ಎಷ್ಟು ದೊಡ್ಡದು ಎಂಬುದು ಕಾಣುತ್ತದೆ. ಮೊದಲು ಇಂಧನದ ನಲ್ಲಿ ಮುಚ್ಚಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಉರಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಕಾಯಬೇಕು. ಇಲ್ಲವಾದರೆ ಹೊರುವಾಗ ಹೆಗಲ ಮೇಲೆ ಎಣ್ಣೆ, ದೋಣಿಯ ತಳದಲ್ಲಿ ಜಾರಿಕೆ. ಆಮೇಲೆ ಹಗ್ಗ: ಒಂದು ತುದಿ ಎಂಜಿನ್‌ಗೆ, ಇನ್ನೊಂದು ದೋಣಿಗೆ. ತಿರುಪು ಸಡಿಲಿಸುವುದು ಇದಾದ ಮೇಲೆಯೇ. ಹಗ್ಗ ಕಟ್ಟದೆ ತಿರುಪು ಬಿಚ್ಚಿದರೆ ಕೈಯಿಂದ ಜಾರಿದ್ದು ನೇರ ಕಡಲಿಗೆ. ಅದನ್ನು ಹಿಡಿಯಲು ಹಾರುವ ಅರೆಕ್ಷಣದ ಚಡಪಡಿಕೆಯಲ್ಲೇ ಬೆನ್ನು ಉಳುಕುವುದು. ಎಂಜಿನ್ ತಲೆಭಾರದ ಪ್ರಾಣಿ. ಸಿಲಿಂಡರು, ಚಕ್ರ, ತೊಟ್ಟಿ ಎಲ್ಲ ಮೇಲೆ. ಕೆಳಗೆ ಉದ್ದದ ಕಾಲು, ಅದರ ತುದಿಯಲ್ಲಿ ಪ್ರೊಪೆಲ್ಲರ್. ಎತ್ತಿದ ಕೂಡಲೇ ತಲೆಕೆಳಗಾಗಲು ನೋಡುತ್ತದೆ. ಒಳಗಿನ ಉಪ್ಪುನೀರು ಸೋರಿ ಮುಗಿಯುವವರೆಗೆ ತಲೆ ಮೇಲೆಯೇ ಇರಬೇಕು. ತಗ್ಗಿದರೆ ಆ ನೀರು ಸಿಲಿಂಡರಿಗೆ ಇಳಿಯುತ್ತದೆ. ಫೋರ್ ಸ್ಟ್ರೋಕ್ ಆದರೆ ಕಂಪನಿ ಹೇಳಿದ ಮಗ್ಗುಲಿಗೇ ಮಲಗಿಸಬೇಕು, ಇಲ್ಲವೇ ಎಣ್ಣೆ ತಪ್ಪು ಕಡೆಗೆ ಹರಿಯುತ್ತದೆ. ಮೇಲಿನಿಂದ ತೂಗುಬಿಟ್ಟ ಎಂಜಿನ್ ಈ ನಿಯಮವನ್ನೆಲ್ಲ ತಾನಾಗಿಯೇ ಪಾಲಿಸುತ್ತದೆ. ಅಪ್ಪಿ ಹಿಡಿದ ಎಂಜಿನ್‌ಗೆ ಅದನ್ನೆಲ್ಲ ಬೆನ್ನೇ ನೆನಪಿಸಬೇಕು.

ಮೊದಲ ಆಕ್ಷೇಪ ಅನುಭವದ್ದು: ತಲೆಮಾರಿನಿಂದ ಎತ್ತುತ್ತ ಬಂದಿದ್ದಾರೆ, ಅವರಿಗೆ ಅಭ್ಯಾಸ. ಅಭ್ಯಾಸ ಸ್ನಾಯುವನ್ನು ಬೆಳೆಸುತ್ತದೆ ನಿಜ, ಆದರೆ ಬೆನ್ನೆಲುಬಿನ ಬಿಲ್ಲೆ ಸ್ನಾಯುವಲ್ಲ. ಅದು ಸವೆಯುತ್ತದೆ, ಹುರಿಗೊಳ್ಳುವುದಿಲ್ಲ. ದಂಡೆಯಲ್ಲಿ ಇಂದು ಎಂಜಿನ್ ಹೊರುತ್ತಿರುವವರು ಹೊರಬಲ್ಲವರು ಮಾತ್ರ. ಹೊರಲಾರದೆ ಬಿಟ್ಟವರು ಮನೆಯ ಜಗಲಿಯಲ್ಲಿದ್ದಾರೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅನುಭವಿಗಳ ರೀತಿಯನ್ನೇ ಗಮನಿಸಿದರೂ ವಾದ ಗಟ್ಟಿಯಾಗುತ್ತದೆ. ಪಳಗಿದವರು ಎಂಜಿನ್ನನ್ನು ಕೈಚಾಚಿ ಎತ್ತುವುದಿಲ್ಲ, ಎದೆಗೆ ಒತ್ತಿಕೊಂಡು ಹೆಗಲಿಗೆ ಸರಿಸುತ್ತಾರೆ. ಅವರು ಗೆದ್ದಿರುವುದು ದೂರ ತಗ್ಗಿಸುವ ಉಪಾಯದಿಂದ. ಆ ಉಪಾಯವನ್ನು ಇನ್ನೊಂದು ಹೆಜ್ಜೆ ಮುಂದೊಯ್ದರೆ ಸಿಗುವುದೇ ರಾಟೆ.

ಎರಡನೆಯ ಆಕ್ಷೇಪ ಇನ್ನೂ ಜಾಣತನದ್ದು: ಎತ್ತುವ ಗೋಜೇಕೆ, ಹಗುರ ಎಂಜಿನ್ ಕೊಂಡರಾಯಿತು. ಕೆರೆಯಲ್ಲೋ ಹಿನ್ನೀರಿನಲ್ಲೋ ಓಡಾಡುವವರಿಗೆ ಇದು ಸರಿಯಾದ ಬುದ್ಧಿಮಾತು. ಡಿಂಗಿ ಕೊಳ್ಳುವವರು ಅಶ್ವಶಕ್ತಿಗಿಂತ ಮೊದಲು ಕಿಲೋ ಕೇಳಬೇಕು. ಕೆಲವು ಮಾದರಿಗಳಲ್ಲಿ 9.9 ಮತ್ತು 15 ಅಶ್ವಶಕ್ತಿ ಎಂಜಿನ್‌ಗಳ ದೇಹ ಒಂದೇ, ತೂಕವೂ ಒಂದೇ ಎಂಬುದು ಆಗ ತಿಳಿದೀತು. ವಿದ್ಯುತ್ ಎಂಜಿನ್‌ಗಳು ಭಾರವನ್ನು ಜಾಣ್ಮೆಯಿಂದ ಒಡೆದಿವೆ. ಟಾರ್ಕೀಡೊ ಕಂಪನಿಯ ಟ್ರಾವೆಲ್ 1103 ಎಂಬ ಮಾದರಿ ಒಟ್ಟು 17 ಕಿಲೋದಷ್ಟಿದ್ದರೂ ಅದರಲ್ಲಿ ಸುಮಾರು 6 ಕಿಲೋ ಬ್ಯಾಟರಿ ಕಳಚಿ ಬರುತ್ತದೆ, ಎರಡು ಸಲಕ್ಕೆ ಒಯ್ಯಬಹುದು. ಆದರೆ ಆ ಬ್ಯಾಟರಿಯಲ್ಲಿರುವುದು ಒಂದು ಯೂನಿಟ್‌ಗಿಂತ ಕಡಿಮೆ ವಿದ್ಯುತ್ತು, ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿಯ ಹತ್ತನೇ ಒಂದು ಪಾಲು. ಮೋಟಾರಿನ ದಕ್ಷತೆ ಹೆಚ್ಚು ಎಂದು ಒಪ್ಪಿಕೊಂಡರೂ ಬಲೆ, ಜನ, ಮೀನು ಹೊತ್ತ ದೋಣಿ ಮಳೆಗಾಲದ ಕಡಲನ್ನು ಅದರಿಂದ ದಾಟಲಾರದು. ಅಲೆಯ ಮಧ್ಯೆ ಶಕ್ತಿ ಕೈಕೊಟ್ಟರೆ ಹೋಗುವುದು ಜೀವ. ಆದ್ದರಿಂದ ನಾಡದೋಣಿಗೆ ಎಂಜಿನ್‌ನ ಭಾರ ಇಳಿಸುವ ದಾರಿ ಸದ್ಯಕ್ಕಿಲ್ಲ, ಎತ್ತುವ ರೀತಿ ಬದಲಿಸುವ ದಾರಿಯೊಂದೇ ಇದೆ.

ಮೂರನೆಯದು ಖರ್ಚು ಮತ್ತು ಸಮಯದ ಮಾತು. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಬೆಳಗಿನ ಗಡಿಬಿಡಿಯಲ್ಲಿ ಹಗ್ಗ ಸಿಕ್ಕಿಸುತ್ತ ಕೂರಲು ಯಾರಿಗೆ ಪುರುಸೊತ್ತು? ನಾಲ್ಕು ಎಳೆಯ ರಾಟೆಗೆ 40 ಕಿಲೋ ಎಂಜಿನ್ 10 ಕಿಲೋ ಆಗುತ್ತದೆ, ಉಜ್ಜಾಟ ಸೇರಿಸಿದರೆ ತುಸು ಹೆಚ್ಚು. ಬದಲಿಗೆ ಒಂದೂವರೆ ಮೀಟರ್ ಎತ್ತಲು ಆರು ಮೀಟರ್ ಹಗ್ಗ ಎಳೆಯಬೇಕು, ಅರ್ಧ ನಿಮಿಷದ ಕೆಲಸ. ಅದೂ ಬೇಡವೆಂದರೆ ಬಾವಿಯ ಒಂಟಿ ರಾಟೆಯೇ ಸಾಕು, ಇಬ್ಬರು ಹಗ್ಗಕ್ಕೆ ಕೈ ಹಾಕಿದರಾಯಿತು. ಒಂಟಿ ರಾಟೆ ತೂಕವನ್ನು ಒಂದು ಗ್ರಾಮೂ ಕಡಿಮೆ ಮಾಡುವುದಿಲ್ಲ, ದಿಕ್ಕನ್ನು ಮಾತ್ರ ಬದಲಿಸುತ್ತದೆ. ಬಗ್ಗಿ ಮೇಲೆತ್ತುವವರು ನೆಟ್ಟಗೆ ನಿಂತು ಕೆಳಗೆ ಜಗ್ಗುತ್ತಾರೆ, ಬೆನ್ನಿನ ಜಾಗದಲ್ಲಿ ಮೈಭಾರ ದುಡಿಯುತ್ತದೆ. ಬಾವಿಕಟ್ಟೆಯ ಮೇಲೆ ನಮ್ಮ ಹಿರಿಯರು ಕಂಡುಕೊಂಡ ಲಾಭ ಇದೇ. ಇದಕ್ಕೆ ಬೇಕಾದ್ದು ದಂಡೆಯಲ್ಲಿ ನೆಟ್ಟ ಮೂರು ಕಾಲಿನ ಮರದ ಆಧಾರ, ಒಂದು ರಾಟೆ, ಮೀನುಗಾರರ ಮನೆಯಲ್ಲಿ ಎಂದೂ ಕೊರತೆಯಿಲ್ಲದ ನೈಲಾನ್ ಹಗ್ಗ, ಮರಳಿನಲ್ಲಿ ಹೂಳದ ಅಗಲ ಚಕ್ರದ ಒಂದು ಗಾಡಿ. ಹತ್ತು ದೋಣಿಗಳಿಗೆ ಒಂದು ಸೆಟ್ಟು ಸಾಕು.

ಎತ್ತುವ ಭಾರಕ್ಕೆ ಮಿತಿ ಬೇಕೆಂಬ ಮಾತನ್ನು ಕಾನೂನು ತತ್ತ್ವದಲ್ಲಿ ಎಂದೋ ಒಪ್ಪಿದೆ. 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಂ ಕಾರ್ಮಿಕರಿಗೆ ಗಾಯವಾಗುವಷ್ಟು ಭಾರ ಎತ್ತಿಸಬಾರದು ಎನ್ನುತ್ತಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ವಯಸ್ಕ ಪುರುಷರಿಗೆ 55 ಕಿಲೋ ಮೀರದಿರಲಿ ಎಂದು ಶಿಫಾರಸು ಮಾಡಿತು. ನಮ್ಮದು 40 ತಾನೇ ಎಂದು ನಿರಾಳವಾಗುವಂತಿಲ್ಲ. ದೋಣಿಯಲ್ಲಿ ಕೈಚಾಚಿ ಎತ್ತುವ 40 ಕಿಲೋ ಬೆನ್ನಿಗೆ ಏನು ಮಾಡುತ್ತದೆ ಎಂಬ ಲೆಕ್ಕ ಆಗಲೇ ಆಯಿತು. ಇಷ್ಟಕ್ಕೂ ನಾಡದೋಣಿ ಕಾರ್ಖಾನೆಯಲ್ಲ, ಅದರಲ್ಲಿ ದುಡಿಯುವವರಲ್ಲಿ ಅನೇಕರು ತಾವೇ ಪಾಲುದಾರರು, ಹಾಗಾಗಿ ಆ ಕಾಯ್ದೆಯ ನೆರಳು ಅವರ ಮೇಲೆ ಬೀಳಲೇ ಇಲ್ಲ. ಆದರೆ ಸರ್ಕಾರದ ಕೈ ಬೇರೆ ದಾರಿಯಿಂದ ಆಗಲೇ ದೋಣಿಯೊಳಗಿದೆ: ಸಾಂಪ್ರದಾಯಿಕ ದೋಣಿಗಳಿಗೆ ಎಂಜಿನ್ ಅಳವಡಿಸಲು ಸಹಾಯಧನ ಕೊಟ್ಟಿದೆ, ಸೀಮೆಎಣ್ಣೆಯನ್ನು ರಿಯಾಯಿತಿ ದರದಲ್ಲಿ ಹಂಚಿದೆ, ಎಷ್ಟು ಅಶ್ವಶಕ್ತಿ ಇರಬೇಕೆಂದೂ ನಿಯಮ ಮಾಡಿದೆ. ಯಂತ್ರ ಕೊಳ್ಳಲು ನೆರವಾದವರು ಅದನ್ನು ಎತ್ತುವುದಕ್ಕೂ ನೆರವಾಗುವುದು ನ್ಯಾಯ. ಮೀನುಗಾರಿಕೆ ಇಲಾಖೆ ಮುಂದಿನ ಸಹಾಯಧನದ ಪಟ್ಟಿಯಲ್ಲಿ ಎಂಜಿನ್‌ನ ಪಕ್ಕದಲ್ಲೇ ಒಂದು ಪಟ್ಟಿಯ ಜೀನು, ಪ್ರತಿ ಇಳಿದಾಣಕ್ಕೆ ಒಂದು ರಾಟೆ, ಒಂದು ಚಕ್ರದ ಗಾಡಿ ಎಂದು ಬರೆಯಲಿ. ಮೀನುಗಾರರ ಸಹಕಾರ ಸಂಘಗಳು ಆ ಸಾಲು ಸೇರುವವರೆಗೆ ಕೇಳುತ್ತಲೇ ಇರಲಿ.