ಬೀರುವಿನ ಬೀಗ ತೆಗೆಯಿರಿ, ಮಕ್ಕಳು ಓದುತ್ತಾರೆ

ಬೇಸಿಗೆ ರಜೆಗೆ ಮಗನನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ತವರೆಂದರೆ ಹಾವೇರಿ ಜಿಲ್ಲೆ ಶಿಗ್ಗಾವಿ ತಾಲೂಕಿನ ದುಂಡಸಿ. ಮಧ್ಯಾಹ್ನ ಊಟ ಆದ ಮೇಲೆ ನಮ್ಮವ್ವ ಮೂರನೇ ಕ್ಲಾಸಿನ ಮೊಮ್ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು, 'ನನಗ ಸಣ್ಣಕ್ಷರ ಕಾಣಂಗಿಲ್ಲಪಾ, ಇದರಾಗಿಂದು ಒಂದು ಕತಿ ಓದಿ ಹೇಳು' ಅಂತ ಕತೆ ಪುಸ್ತಕ ಕೈಗಿಟ್ಟಳು. ಅವನೂ ಗಟ್ಟಿಯಾಗಿ, ಒಂದಕ್ಷರ ತಪ್ಪದಂತೆ ಎರಡು ಪುಟ ಓದಿದ. ನನಗೆ ಒಳಗೊಳಗೇ ಹೆಮ್ಮೆ! ಓದಿ ಮುಗಿಸಿ ಪುಟ ತಿರುವಿ ಹಾಕಿದವನು, 'ಅಜ್ಜಿ, ಇದರ ಪ್ರಶ್ನೋತ್ತರ ಎಲ್ಲದಾವ?' ಎಂದು ಕೇಳಿಬಿಟ್ಟ.

'ಪ್ರಶ್ನೋತ್ತರ ಯಾಕೋ? ಆ ನರಿ ಯಾಕ ಓಡಿ ಹೋತು, ಅದನ್ನ ಹೇಳು' ಎಂದಳು ಅವ್ವ. ಅವನಿಗೆ ಗೊತ್ತಿರಲಿಲ್ಲ. ಈಗಷ್ಟೇ ತಾನೇ ಓದಿದ ಕತೆ!

ರಾತ್ರಿ ಅವ್ವ ಮೆಲ್ಲಗೆ ಹೇಳಿದಳು: 'ನಿನ್ನ ಮಗಗ ಅಕ್ಷರ ಬರತಾವು. ಓದು ಬರಂಗಿಲ್ಲ.'

ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಟ್ಯೂಷನ್ನು, ಯೂನಿಫಾರ್ಮು, ಶೂಸು ಅಂತ ಸಾವಿರಗಟ್ಟಲೆ ಖರ್ಚು ಮಾಡುವ ನಾನು, ಪಾಠದ ಪುಸ್ತಕ ಬಿಟ್ಟು ಬೇರೆ ಎಷ್ಟು ಪುಸ್ತಕ ಅವನ ಕೈಗೆ ಕೊಟ್ಟಿದ್ದೇನೆ? ನಿಮ್ಮ ಮನೆಯಲ್ಲೂ ಇದೇ ಕತೆಯೇ? ಹಾಗಿದ್ದರೆ ಮುಂದೆ ಓದಿ.

ಬೀಗದ ಹಿಂದಿನ ಪುಸ್ತಕಗಳು

ಜೂನ್‌ನಲ್ಲಿ ಶಾಲೆ ಶುರುವಾದಾಗ, 'ಲೈಬ್ರರಿ ಎಲ್ಲಿದೆ?' ಎಂದು ಕೇಳಿದೆ. ಇತ್ತು. ಆಫೀಸ್ ರೂಮಿನ ಮೂಲೆಯಲ್ಲಿ ಗಾಜಿನ ಬಾಗಿಲಿನ ಬೀರು, ಒಳಗೆ ನೂರಾರು ಪುಸ್ತಕ, ಹೊರಗೆ ಬೀಗ! ಬೀಗದ ಕೈ ಇಟ್ಟುಕೊಂಡ ಟೀಚರ್ ಕೆಟ್ಟವರೇನಲ್ಲ. 'ಒಂದು ಪುಸ್ತಕ ಕಳೆದರೂ ಸ್ಟಾಕ್ ರಿಜಿಸ್ಟರಿಗೆ ನಾನೇ ಉತ್ತರ ಕೊಡಬೇಕು ಮೇಡಂ, ಮಕ್ಕಳ ಕೈಗೆ ಹ್ಯಾಂಗ ಕೊಡಲಿ?' ಎಂದು ಸಂಕೋಚದಿಂದಲೇ ಹೇಳಿದರು. ಪುಸ್ತಕ ಹರಿಯಬಾರದು ಎಂಬ ಒಂದೇ ಭಯಕ್ಕೆ ಪುಸ್ತಕವನ್ನು ಯಾರೂ ಓದದಂತಾಗಿತ್ತು.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿದ ಎಸ್.ಆರ್. ರಂಗನಾಥನ್ 1931ರಲ್ಲೇ ಐದು ಸೂತ್ರಗಳನ್ನು ಹೇಳಿದರು. ಅದರಲ್ಲಿ ಮೊದಲನೆಯದೇ, ಪುಸ್ತಕ ಇರುವುದು ಬಳಸುವುದಕ್ಕೆ ಅನ್ನುವುದು. ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಅನ್ನುವುದು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೂ ಪ್ರತಿ ಶಾಲೆಯಲ್ಲಿ ಗ್ರಂಥಾಲಯ ಇರಬೇಕು, ಅಲ್ಲಿ ದಿನಪತ್ರಿಕೆ, ನಿಯತಕಾಲಿಕೆ, ಕತೆ ಪುಸ್ತಕ ಇರಬೇಕು ಎಂದು ಸ್ಪಷ್ಟವಾಗಿ ಹೇಳುತ್ತದೆ. ನಿಮ್ಮ ಮಗು ಸರ್ಕಾರಿ ಶಾಲೆಗೆ ಹೋಗುತ್ತಿದ್ದರೆ ಎಸ್‌ಡಿಎಂಸಿಯಲ್ಲಿ ಈ ಮಾತು ಎತ್ತಬಹುದು. ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಖಾಸಗಿ ಶಾಲೆಯಾದರೆ ಪಾಲಕರ ಸಭೆ ಇದ್ದೇ ಇದೆ.

ದೂರು ಬೇಡ, ಕೈ ಜೋಡಿಸಿ

ಒಂದು ಮಾತು ನೆನಪಿಡಿ. ದೂರು ಹಿಡಿದು ಹೋದರೆ ಬೀಗ ಇನ್ನೂ ಬಿಗಿಯಾಗುತ್ತದೆ! ನಾವು ಮೂವರು ತಾಯಂದಿರು ಹೋಗಿ, 'ಶನಿವಾರ ಒಂದು ತಾಸು ನಾವೇ ಬಂದು ಕೂರ್ತೀವಿ, ಲೆಕ್ಕ ನಾವೇ ಬರೀತೀವಿ' ಎಂದೆವು. ಸಣ್ಣಪುಟ್ಟ ಹರಿದದ್ದು, ಕಳೆದದ್ದಕ್ಕೆ ಟೀಚರನ್ನು ಹೊಣೆ ಮಾಡುವುದಿಲ್ಲ ಎಂದು ಮುಖ್ಯೋಪಾಧ್ಯಾಯರಿಂದ ಒಂದು ಸಾಲು ಬರೆಸಿಕೊಂಡೆವು. ಆ ಒಂದು ಸಾಲೇ ನಿಜವಾದ ಬೀಗದ ಕೈ ಆಯಿತು. ಆಮೇಲೆ ಮಾಡಿದ್ದು ಇಷ್ಟು:

* ಪುಸ್ತಕಕ್ಕೆ ಕಂದು ಕಾಗದದ ರಟ್ಟು ಹಾಕಲಿಲ್ಲ. ಮುಖಪುಟದ ಚಿತ್ರವೇ ಮಗುವನ್ನು ಕರೆಯುವುದು, ಅದನ್ನೇ ಮುಚ್ಚಿದರೆ ಹೇಗೆ? ಪಾರದರ್ಶಕ ಪ್ಲಾಸ್ಟಿಕ್ ಹಾಕಿದೆವು.

* ಕ್ಲಾಸಿನ ಗೋಡೆಗೆ ಮಕ್ಕಳ ಎತ್ತರದಲ್ಲಿ ಹಗ್ಗ ಕಟ್ಟಿ, ಬಟ್ಟೆ ಒಣಹಾಕಿದ ಹಾಗೆ ಪುಸ್ತಕಗಳನ್ನು ಮುಖಪುಟ ಕಾಣುವಂತೆ ನೇತುಹಾಕಿದೆವು.

* ಪುಟಕ್ಕೆ ಒಂದು ಸಾಲಿನ ಚಿತ್ರಪುಸ್ತಕಕ್ಕೆ ಹಸಿರು ಚುಕ್ಕಿ, ಸಣ್ಣ ಕತೆಗೆ ಹಳದಿ, ದೊಡ್ಡ ಕತೆಗೆ ಕೆಂಪು. ಯಾವ ಬಣ್ಣ ಬೇಕಾದರೂ ತೆಗೆದುಕೊಳ್ಳುವ ಸ್ವಾತಂತ್ರ್ಯ ಮಗುವಿಗೇ.

* ಮನೆಗೆ ಒಯ್ಯುವ ಪುಸ್ತಕದ ಹೆಸರನ್ನು ನೋಟ್‌ಬುಕ್‌ನಲ್ಲಿ ಮಗುವೇ ಬರೆಯಬೇಕು. ವಾರಕ್ಕಿಬ್ಬರು ಮಕ್ಕಳೇ ಲೈಬ್ರರಿಯನ್!

ಒಂದು ತಾಸಿನಲ್ಲಿ ಏನೇನು ಮಾಡಿಸಬಹುದು?

ಗಟ್ಟಿ ಓದು: ಹತ್ತೇ ನಿಮಿಷ ನೀವೇ ಓದಿ ಹೇಳಿ. ಹುಲಿಯ ದನಿ, ಇಲಿಯ ದನಿ ಬೇರೆ ಬೇರೆ ಇರಲಿ. ಕುತೂಹಲ ಏರಿದಾಗ ಪುಸ್ತಕ ಮುಚ್ಚಿಬಿಡಿ. ಉಳಿದದ್ದು ಬೇಕಿದ್ದವರು ಪುಸ್ತಕಕ್ಕೆ ಮುಗಿಬೀಳುತ್ತಾರೆ.

ಜೋಡಿ ಓದು: ನಾಲ್ಕನೇ ಕ್ಲಾಸಿನ ಮಗು ಒಂದನೇ ಕ್ಲಾಸಿನ ಮಗುವಿಗೆ ಓದಿ ಹೇಳಲಿ.

ಇನ್ನೊಂದು ಕೊನೆ: ಕತೆ ಹೀಗೆ ಮುಗಿಯದಿದ್ದರೆ? ಮಕ್ಕಳು ತಮ್ಮದೇ ಕೊನೆ ಹೇಳಲಿ, ಬರೆಯಲು ಬಾರದವರು ಚಿತ್ರ ಬಿಡಿಸಲಿ.

ಪುಸ್ತಕ ಆಸ್ಪತ್ರೆ: ಹರಿದ ಪುಸ್ತಕಕ್ಕೆ ಮಕ್ಕಳೇ ಡಾಕ್ಟರು. ಗೋಂದು, ಸೂಜಿ ದಾರ, ಬಟ್ಟೆಪಟ್ಟಿ ಕೊಡಿ. ಸೂಜಿ ಹಿಡಿಯುವಾಗ ದೊಡ್ಡವರು ಪಕ್ಕದಲ್ಲಿರಿ. ತನ್ನ ಕೈಯಾರೆ ಹೊಲಿದ ಪುಸ್ತಕವನ್ನು ಯಾವ ಮಗು ತಾನೆ ಹರಿದೀತು?

ಅಜ್ಜ-ಅಜ್ಜಿ ದಿನ: ತಿಂಗಳಿಗೊಮ್ಮೆ ಯಾರಾದರೂ ಅಜ್ಜಿಯೋ ಅಜ್ಜನೋ ಬಂದು ಕತೆ ಹೇಳಲಿ. ಮಕ್ಕಳು ಅದನ್ನು ಬರೆದು, ಚಿತ್ರ ಹಾಕಿ, ಹೊಲಿದು ಪುಸ್ತಕ ಮಾಡಲಿ. ಅದಕ್ಕೂ ನಂಬರು ಹಾಕಿ ಲೈಬ್ರರಿಯಲ್ಲಿಡಿ. ನಮ್ಮ ಶಿಗ್ಗಾವಿ ತಾಲೂಕಿನದೇ ಮಾತು ಹೇಳುವುದಾದರೆ, ಶಿಶುನಾಳ ಷರೀಫರ ಶಿಶುನಾಳ, ಕನಕದಾಸರ ಬಾಡ ಎರಡೂ ಇದೇ ತಾಲೂಕಿನ ಊರುಗಳು. ಪಕ್ಕದ ಸವಣೂರು ವಿ.ಕೃ. ಗೋಕಾಕರು ಹುಟ್ಟಿದ ಊರು. ಈ ಸೀಮೆಯ ಅಜ್ಜಂದಿರ ಬಾಯಲ್ಲಿ ಕತೆಗೇನು ಬರ?

ನಾವು ಎಡವಿದ್ದು ಇಲ್ಲಿ

ಉತ್ಸಾಹದಲ್ಲಿ, 'ತಿಂಗಳಲ್ಲಿ ಜಾಸ್ತಿ ಪುಸ್ತಕ ಓದಿದವರಿಗೆ ಬಹುಮಾನ' ಎಂದುಬಿಟ್ಟೆವು. ಒಬ್ಬ ಪುಟ್ಟಿ ವಾರದಲ್ಲಿ ಏಳು ಪುಸ್ತಕ ಒಯ್ದು ಏಳನ್ನೂ ವಾಪಸ್ ಮಾಡಿದಳು. ಒಂದರ ಕತೆಯೂ ಅವಳಿಗೆ ಗೊತ್ತಿರಲಿಲ್ಲ. ತಪ್ಪು ಅವಳದ್ದಲ್ಲ, ನಮ್ಮದು. ಬಹುಮಾನ ನಿಲ್ಲಿಸಿದೆವು. ಅಂಕ, ರ‍್ಯಾಂಕು ಲೈಬ್ರರಿಗೂ ಬಂದರೆ ಅದೂ ಇನ್ನೊಂದು ಟ್ಯೂಷನ್ ಆಗಿಬಿಡುತ್ತದೆ.

ಇನ್ನೊಂದು ಘಟನೆ ಮರೆಯಲಾರೆ. ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಹಸಿರು ಚುಕ್ಕಿಯ ಪುಸ್ತಕವನ್ನೇ ಕದ್ದುಮುಚ್ಚಿ ತೆಗೆಯುತ್ತಿದ್ದ. ಗೆಳೆಯರು 'ಸಣ್ಣ ಹುಡುಗರ ಪುಸ್ತಕ' ಎಂದು ನಕ್ಕ ದಿನ, ಮುಂದಿನ ವಾರ ಬರಲೇ ಇಲ್ಲ. ಅವನಿಗೆ ದೊಡ್ಡ ಕತೆ ಓದಲು ಬರುತ್ತಿರಲಿಲ್ಲ, ಅಷ್ಟೇ. ಅವನನ್ನು ಒಂದನೇ ಕ್ಲಾಸಿನ ಇಬ್ಬರಿಗೆ ಜೋಡಿ ಮಾಡಿದೆವು. ಪುಟಾಣಿಗಳಿಗೆ ಓದಿ ಹೇಳಬೇಕಾದ್ದರಿಂದ ತೆಳು ಪುಸ್ತಕ ತೆಗೆಯುವುದು ನಾಚಿಕೆಯಾಗಲಿಲ್ಲ, ಜವಾಬ್ದಾರಿಯಾಯಿತು. ಓದಿ ಹೇಳುವ ಮೊದಲು ಮನೆಯಲ್ಲಿ ಎರಡೆರಡು ಸಲ ಓದಿಕೊಂಡು ಬರತೊಡಗಿದ. ಈಗ ತಾನಾಗಿಯೇ ಹಳದಿ ಚುಕ್ಕಿಗೆ ಕೈ ಹಾಕಿದ್ದಾನೆ.

ಊರಿಗೆ ಹೋದಾಗ ಇದನ್ನು ಮರೆಯಬೇಡಿ

ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ, 2020ರ ನವೆಂಬರ್‌ನಲ್ಲಿ ರಾಜ್ಯದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ 'ಓದುವ ಬೆಳಕು' ಎಂಬ ಕಾರ್ಯಕ್ರಮ ಶುರು ಮಾಡಿತು. 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಉಚಿತ ಸದಸ್ಯತ್ವ ಕೊಡುವುದು ಅದರ ಉದ್ದೇಶ. ಈ ಗ್ರಂಥಾಲಯಗಳನ್ನು ಈಗ 'ಅರಿವು ಕೇಂದ್ರ' ಎಂದು ಕರೆಯುತ್ತಾರೆ. ರಜೆಗೆ ಊರಿಗೆ ಹೋದಾಗ ಮಗುವನ್ನು ಅಲ್ಲಿಗೆ ಕರೆದೊಯ್ಯಿರಿ. ನಗರದಲ್ಲಿದ್ದರೆ ಬಡಾವಣೆಯ ಸಾರ್ವಜನಿಕ ಗ್ರಂಥಾಲಯ ಹುಡುಕಿ. ಮನೆ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವಲ್ಲ, ದುಡ್ಡು ಕೊಟ್ಟು ಬಳಸದೇ ಇರುವುದು ಯಾವ ಜಾಣತನ?

ಪುಸ್ತಕ ಎಲ್ಲಿ ಸಿಗುತ್ತೆ ಅಂತೀರಾ? ನಾವು ಓದಿದ 'ಚಂದಮಾಮ' ಈಗ ಬರುವುದಿಲ್ಲ, ನಿಜ. ಆದರೆ ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಪ್ರಥಮ್ ಬುಕ್ಸ್‌ನ ಮಕ್ಕಳ ಪುಸ್ತಕಗಳು ಕನ್ನಡದಲ್ಲಿವೆ. ರಾಷ್ಟ್ರೋತ್ಥಾನದ 'ಭಾರತ ಭಾರತಿ' ಮಾಲೆಯ ಪುಟ್ಟ ಪುಸ್ತಕಗಳಿವೆ. ಪ್ರಥಮ್ ಬುಕ್ಸ್‌ನವರ 'ಸ್ಟೋರಿವೀವರ್' ತಾಣದಲ್ಲಿ ಕನ್ನಡ ಕತೆಗಳು ಉಚಿತವಾಗಿ ಸಿಗುತ್ತವೆ, ಪ್ರಿಂಟ್ ತೆಗೆದು ಹೊಲಿದರೂ ಆಯಿತು. ಹುಟ್ಟುಹಬ್ಬಕ್ಕೆ ಕ್ಲಾಸಿಗೆಲ್ಲ ಚಾಕೊಲೇಟ್ ಹಂಚುವ ಬದಲು ಲೈಬ್ರರಿಗೆ ಒಂದು ಪುಸ್ತಕ ಕೊಟ್ಟು ನೋಡಿ. ಒಳಪುಟದಲ್ಲಿ ಮಗುವಿನ ಹೆಸರಿರಲಿ.

ನಮ್ಮ ಹಾವೇರಿ ಜಿಲ್ಲೆಯ ಗಳಗನಾಥರು (1869-1942) ಶಾಲಾ ಮಾಸ್ತರರಾಗಿದ್ದವರು. ಕಾದಂಬರಿ ಬರೆದು, ಅವನ್ನು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು ಎಂದು ಈಗಲೂ ಜನ ನೆನೆಯುತ್ತಾರೆ. ಅವರು ಹೊತ್ತು ತಿರುಗಿದ ನಾಡಿನಲ್ಲಿ ನಾವು ಪುಸ್ತಕವನ್ನು ಬೀರುವಿನಿಂದ ಮಗುವಿನ ಕೈಗೆ ಮುಟ್ಟಿಸಿದರೆ ಸಾಕು!

ಮನೆಯಲ್ಲಿ ನೀವು ಮಾಡಬೇಕಾದ್ದು

* ಮಗು ಪುಸ್ತಕ ತಂದ ದಿನ, 'ಹೋಂವರ್ಕ್ ಆಯ್ತಾ?' ಎನ್ನುವ ಮೊದಲು 'ಯಾವ ಕತೆ ತಂದೀ?' ಎಂದು ಕೇಳಿ.

* ಪ್ರಶ್ನೆ ಕೇಳಿ ಪರೀಕ್ಷೆ ಮಾಡಬೇಡಿ. 'ನಿನಗ್ಯಾರು ಇಷ್ಟ ಆದ್ರು?' ಅಂದರೆ ಸಾಕು, ಕತೆಯೆಲ್ಲ ಹೊರಬರುತ್ತದೆ.

* ಓದಿದ್ದನ್ನೇ ಹತ್ತು ಸಲ ಓದಿದರೆ ಬೇಡವೆನ್ನಬೇಡಿ. ಅಕ್ಷರ ಸಲೀಸಾಗುವುದು ಹಾಗೆಯೇ.

* ಮಲಗುವ ಮೊದಲು ಹದಿನೈದು ನಿಮಿಷ ಟೀವಿ, ಮೊಬೈಲ್ ಬಂದ್. ನೀವೂ ಏನಾದರೂ ಓದಿ. ಸೀರಿಯಲ್ ನೋಡುತ್ತಾ 'ಓದ್ಕೋ ಹೋಗು' ಅಂದರೆ ಯಾರು ಕೇಳುತ್ತಾರೆ?

* ಇಷ್ಟವಾಗದ ಪುಸ್ತಕವನ್ನು ಅರ್ಧಕ್ಕೆ ಬಿಡಲಿ. ನಾವೂ ಬಿಡುವುದಿಲ್ಲವೇ?

ದಸರಾ ರಜೆಗೆ ಮತ್ತೆ ದುಂಡಸಿಗೆ ಹೋಗಿದ್ದೆವು. ಈ ಸಲ ಬ್ಯಾಗಿನಲ್ಲಿ ಮಗನೇ ಎರಡು ಪುಸ್ತಕ ತುರುಕಿಕೊಂಡಿದ್ದ. ಅದೇ ಪಡಸಾಲೆ, ಅದೇ ಮಧ್ಯಾಹ್ನ. ಅಜ್ಜಿಗೆ ಓದಿ ಹೇಳುತ್ತ ಹೇಳುತ್ತ, ಮೊಸಳೆ ಬಾಯಿ ತೆರೆದ ಜಾಗಕ್ಕೆ ಬಂದವನೇ ಪುಸ್ತಕ ಮುಚ್ಚಿ, 'ಉಳಿದಿದ್ದು ನಾಳೆ ಅಜ್ಜಿ' ಎಂದು ಎದ್ದ.

'ಏ ಹುಡುಗಾ, ಮುಂದ ಏನಾತು ಹೇಳಿ ಹೋಗೋ!' ಅಂತ ಅವ್ವ ಕೂಗಿದಳು.

ನಿಮ್ಮ ಮಗುವಿನ ಶಾಲೆಯ ಬೀರುವಿಗೂ ಬೀಗ ಇದೆಯೇ? ಬರುವ ಶನಿವಾರ ಒಮ್ಮೆ ಹೋಗಿ ನೋಡಿ ಬನ್ನಿ.