ಕಿಳಿಮಾನೂರಿನ ಗೋಡೆ

ತಿರುವನಂತಪುರದ ಶ್ರೀಚಿತ್ರಾ ಆರ್ಟ್ ಗ್ಯಾಲರಿಯಲ್ಲಿ ರಾಜಾ ರವಿವರ್ಮನ (1848–1906) ‘ಹಂಸ ದಮಯಂತಿ’ಯ ಮುಂದೆ ನಾವು ಬಹಳ ಹೊತ್ತು ನಿಂತೆವು. ನಮ್ಮ ಕಡೆಯ ದೇವರ ಕೋಣೆಗಳಲ್ಲಿ ಹೊಗೆ ಹಿಡಿದಿರುವ ಲಕ್ಷ್ಮೀ ಸರಸ್ವತಿಯರ ಪಟಗಳಿಗೆ ಮೂಲ, 1894ರಲ್ಲಿ ಆತ ಮುಂಬಯಿಯಲ್ಲಿ ತೆರೆದ ಅಚ್ಚುಕೂಟ. ಆದರೆ ಅಸಲು ತೈಲವರ್ಣದ ಕಾಂತಿಯೇ ಬೇರೆ!

ಮರುದಿನ ಕಿಳಿಮಾನೂರು ಅರಮನೆ. ಹುಟ್ಟಿದ ಮನೆ, ಚಿತ್ರ ಬರೆದ ಶಾಲೆ ಎರಡೂ ಅಲ್ಲಿಯೇ. ಬಾಲಕ ರವಿವರ್ಮ ಇಲ್ಲಿನ ಗೋಡೆಗಳ ತುಂಬ ಇದ್ದಿಲಿನಿಂದ ಗೀಚುತ್ತಿದ್ದನಂತೆ. ಸೋದರಮಾವ ರಾಜರಾಜವರ್ಮ ಗದರಲಿಲ್ಲ. ತಾವೇ ಕುಳಿತು ಚಿತ್ರಪಾಠ ಹೇಳಿದರು.

ಇದನ್ನು ಕೇಳುತ್ತ ನಿಂತ ನಮಗೆ, ಶಾಲೆಯ ಗೋಡೆಯಲ್ಲಿ ಮಸಿಯಿಂದ ಆನೆ ಬರೆದಿದ್ದ ಹುಡುಗನೊಬ್ಬ ನೆನಪಾದ. ಅವನ ಕೈಯಿಂದಲೇ ಆ ಆನೆಯನ್ನು ಉಜ್ಜಿ ತೊಳೆಸಿದ ಮೇಷ್ಟ್ರು ನಾವೇ. ಸೊಂಡಿಲು ಮಾತ್ರ ಬಹಳ ದಿನ ಮಾಸಿರಲಿಲ್ಲ.