ಹಿತ್ತಲೂ ಹೊತ್ತಗೆಯೂ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಕೈಗೆಟುಕುವ ವಸ್ತುವಿನ ಬೆಲೆಯನ್ನರಿಯದ ಮನುಷ್ಯಸ್ವಭಾವವನ್ನು ಅದು ಎತ್ತಿ ತೋರಿಸುತ್ತದೆ. ಮಕ್ಕಳ ಶಿಕ್ಷಣದಲ್ಲಿಯೂ ಈ ದೋಷ ನುಸುಳಿದೆ. ಸಿಂಹ, ಜಿರಾಫೆ, ಪೆಂಗ್ವಿನ್‌ಗಳ ಚಿತ್ರವನ್ನು ಕಂಡೊಡನೆ ಹೆಸರಿಸುವ ಬಾಲಕನು ಮನೆಯ ಹಿಂದಿನ ಕರಿಬೇವಿನ ಗಿಡದಲ್ಲಿ ಬದುಕುವ ಜೀವಿಯನ್ನು ಅರಿಯನು. ಈ ಕೊರತೆಯನ್ನು ನೀಗಬಲ್ಲ ಸಾಧನಗಳಲ್ಲೊಂದು, ಹಿತ್ತಲಿನ ನಿಸರ್ಗವನ್ನು ಕುರಿತ ಚಿತ್ರಪುಸ್ತಕ.

ಚಿತ್ರಗಳ ಮೂಲಕ ಮಕ್ಕಳಿಗೆ ಲೋಕಜ್ಞಾನವನ್ನೀಯುವ ಪ್ರಯತ್ನ ಹಳೆಯದು. ಶಿಕ್ಷಣವೇತ್ತನಾದ ಕೊಮೆನಿಯಸನ ‘ಆರ್ಬಿಸ್ ಪಿಕ್ಟಸ್’ ಎಂಬ ಸಚಿತ್ರ ಪಾಠಗ್ರಂಥವು 1658ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಪ್ರಕಟವಾಯಿತು. ಕನ್ನಡದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ಏಕಾಂಗಿಯಾಗಿ ರಚಿಸಿದರು. ಇಂಥ ಗ್ರಂಥಗಳು ಲೋಕವನ್ನು ಮಗುವಿನ ಮುಂದೆ ತಂದಿರಿಸುತ್ತವೆ. ಹಿತ್ತಲಿನ ಚಿತ್ರಪುಸ್ತಕದ ಕಾರ್ಯವಾದರೋ ಬೇರೆ: ಅದು ಮಗುವನ್ನು ಲೋಕದ ಕಡೆಗೆ ಕಳುಹಿಸಬೇಕು.

ಇದಕ್ಕೊಂದು ಉದಾಹರಣೆಯನ್ನು ನೋಡೋಣ. ಅಮೆರಿಕದ ಎರಿಕ್ ಕಾರ್ಲ್ 1969ರಲ್ಲಿ ಪ್ರಕಟಿಸಿದ, ಹಸಿದ ಕಂಬಳಿಹುಳುವಿನ ಕಥೆ ಜಗತ್ಪ್ರಸಿದ್ಧವಾದುದು. ಅದರಲ್ಲಿ ಚಿಟ್ಟೆಯು ನೂಲಿನ ಗೂಡಿನಿಂದ ಹೊರಬರುವುದೆಂದು ಹೇಳಿದೆ. ಆದರೆ ರೇಷ್ಮೆ ಸಾಕುವ ನಮ್ಮ ರೈತರು ಬಲ್ಲಂತೆ, ನೂಲಿನ ಗೂಡು ಕಟ್ಟುವುದು ರೇಷ್ಮೆಹುಳು. ಅದರಿಂದ ಹೊರಬರುವುದು ಪತಂಗ. ಚಿಟ್ಟೆಯ ಮರಿ ಸಾಮಾನ್ಯವಾಗಿ ಇಂಥ ಗೂಡನ್ನು ನೇಯದೆ, ಕಡೆಯ ಬಾರಿ ಪೊರೆ ಕಳಚಿ, ಗಟ್ಟಿ ಕವಚದ ಕೋಶವಾಗಿ ಮಾರ್ಪಡುತ್ತದೆ. ಕಥೆಯ ಸೊಗಸು ಇದರಿಂದ ಕುಂದದು. ಆದರೆ ಇದನ್ನು ತಿಳಿಯಲು ಮಗು ಪುಸ್ತಕ ಮುಚ್ಚಿ ಗಿಡದ ಬಳಿಗೆ ಹೋಗಲೇಬೇಕು.

ಕರಿಬೇವು ಮತ್ತು ನಿಂಬೆಯ ಗಿಡಗಳ ಚಿಗುರಿನ ಮೇಲೆ ಕೆಲವು ಜಾತಿಯ ಚಿಟ್ಟೆಗಳು ತತ್ತಿಯಿಡುತ್ತವೆ. ಎಳೆಯ ಹುಳು ಹಕ್ಕಿಯ ಹಿಕ್ಕೆಯಂತೆ ಕಾಣುವುದರಿಂದ ವೈರಿಗಳ ಕಣ್ಣು ತಪ್ಪಿಸಿಕೊಳ್ಳುತ್ತದೆ. ಬೆಳೆದ ಮೇಲೆ ಎಲೆಯಂತೆ ಹಸಿರಾಗುತ್ತದೆ. ಕೆಣಕಿದರೆ ತಲೆಯ ಹಿಂಬದಿಯಿಂದ ಕವಲೊಡೆದ ಕೆಂಛಾಯೆಯ ಅಂಗವನ್ನು ಹೊರಚಾಚಿ ಕಟುವಾಸನೆ ಬೀರುತ್ತದೆ. ಬಳಿಕ ರೆಂಬೆಗೆ ಒಂದೆಳೆಯ ನೂಲಿನಿಂದ ನಡುಕಟ್ಟಿಕೊಂಡು ಕೋಶವಾಗುತ್ತದೆ. ತತ್ತಿಯಿಂದ ಚಿಟ್ಟೆಯವರೆಗಿನ ಈ ಪಯಣಕ್ಕೆ ಹವೆಗನುಗುಣವಾಗಿ ಒಂದು ತಿಂಗಳಾಗಬಹುದು, ಹೆಚ್ಚೂ ಹಿಡಿಯಬಹುದು. ಪುಸ್ತಕವು ಇದನ್ನು ಹತ್ತು ಪುಟಗಳಲ್ಲಿ ಮುಗಿಸೀತು. ಕಾಯುವ ಸಹನೆಯನ್ನು ಕಲಿಸುವುದು ಗಿಡ ಮಾತ್ರ.

ಆದುದರಿಂದ ಪುಸ್ತಕಗಳನ್ನು ಆರಿಸುವಾಗ ಮೂರು ಅಂಶಗಳನ್ನು ಗಮನಿಸುವುದು ಒಳಿತು. ಚಿತ್ರಿಸಿದ ಜೀವಿಗಳು ಮಗುವಿನ ಪರಿಸರದಲ್ಲಿ ಕಾಣಸಿಗುವಂಥವಾಗಿರಬೇಕು. ಇರುವೆಗೆ ಆರು ಕಾಲು, ಜೇಡಕ್ಕೆ ಎಂಟು ಎಂಬಂಥ ವಿವರಗಳು ಚಿತ್ರದಲ್ಲಿ ತಪ್ಪಿರಬಾರದು. ಪ್ರತಿ ಪುಟವೂ ಉತ್ತರ ಹೇಳುವುದಕ್ಕಿಂತ ಹೆಚ್ಚಾಗಿ ಪ್ರಶ್ನೆಯನ್ನು ಎಬ್ಬಿಸಬೇಕು. ಇಂಥವು ಕನ್ನಡದಲ್ಲಿ ದುರ್ಲಭವೇನಲ್ಲ. ನ್ಯಾಷನಲ್ ಬುಕ್ ಟ್ರಸ್ಟ್ ಮಕ್ಕಳಿಗಾಗಿ ಸಚಿತ್ರ ಪುಸ್ತಕಗಳನ್ನು ಹೊರತಂದಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡ ಚಿತ್ರಕಥೆಗಳನ್ನು ಉಚಿತವಾಗಿ ಓದಬಹುದು.

ಶಾಲೆಗಳಿಗೆ ಗ್ರಂಥದಾನ ಮಾಡುವ ಮಹನೀಯರಲ್ಲಿಯೂ, ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿ. ಹರಿದೀತೆಂಬ ಭಯದಿಂದ ಬೀರುವಿನಲ್ಲಿ ಬೀಗ ಹಾಕಿದ ಚಿತ್ರಪುಸ್ತಕವು ಯಾರಿಗೂ ಉಪಕರಿಸದು. ಮಣ್ಣಿನ ಕೈಯಲ್ಲಿ ಮುಟ್ಟಿ, ಅಂಚು ಸವೆದ ಹೊತ್ತಗೆಯೇ ದಾನದ ಸಾರ್ಥಕತೆಗೆ ಸಾಕ್ಷಿ. ಪುಸ್ತಕದೊಂದಿಗೆ ಒಂದು ಕರಿಬೇವಿನ ಸಸಿಯನ್ನೂ ಕೊಟ್ಟರೆ ಆ ದಾನ ಪೂರ್ಣವಾದೀತು. ಅಧ್ಯಾಪಕರು ವಾರಕ್ಕೊಂದು ಅವಧಿಯನ್ನು ಆ ಗಿಡದ ಬಳಿ ಕಳೆಯುವ ಏರ್ಪಾಡು ಮಾಡಲಿ. ಅನುಭಾವವನ್ನು ಹಿರಿದೆಂದು ಬಗೆದ ಶರಣರ ಹೆಸರಿನಲ್ಲಿ ನಡೆಯುವ ವಿದ್ಯಾಲಯಕ್ಕೆ, ಕಣ್ಣಾರೆ ಕಂಡು ಅರಿಯುವ ಈ ಮಾರ್ಗ ಸಹಜವಾಗಿಯೇ ಒಪ್ಪುತ್ತದೆ.